ಮನೆಗೊಂದೇ ಕೊಡೆ

"ಸಾರ್, ಬಾಯ್‌ಗೆ ಎಸ್ ಹಚ್ಚಿದ್ರೆ ತುಂಬ ಜನ ಹುಡುಗ್ರು. ಪ್ಲೇಗೆ ಎಸ್ ಹಚ್ಚಿದ್ರೆ ಒಬ್ಬನೇ ಆಡೋದು. ಉಲ್ಟಾ ಅಲ್ವಾ?"

ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯೊಂದರ ಹತ್ತನೇ ತರಗತಿ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತು ಹೀಗೆ ಕೇಳಿದಾಗ ನನಗೆ ಸಂತೋಷವೇ ಆಯಿತು. ಇದೇ ಸಂಶಯ ನನಗೂ ಆ ವಯಸ್ಸಿನಲ್ಲಿ ಬಂದಿತ್ತು, ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಹೀ, ಶೀ, ಇಟ್ ಬಂದರೆ ಕ್ರಿಯಾಪದಕ್ಕೆ ಎಸ್. ಅಷ್ಟನ್ನು ಬಾಯಿಪಾಠ ಮಾಡಿದ್ದೆವು. ಮಗ್ಗಿಯ ಹಾಗೆ.

ನಾನು ಬೋರ್ಡಿನ ಮೇಲೆ ಕನ್ನಡ ಬರೆದೆ. ಹೋಗ್ತೀನಿ, ಹೋಗ್ತೀಯ, ಹೋಗ್ತಾನೆ, ಹೋಗ್ತಾಳೆ, ಹೋಗುತ್ತೆ, ಹೋಗ್ತಾರೆ. "ಯಾರು ಅಂತ ನಾನು ಹೇಳಿದ್ನಾ?" "ಇಲ್ಲ ಸಾರ್." "ಗೊತ್ತಾಯ್ತಾ?" "ಆಯ್ತು ಸಾರ್." ನಮ್ಮ ಕ್ರಿಯಾಪದದ ಬಾಲದಲ್ಲೇ ಆಳಿನ ಗುರುತಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ನಾನು, ನೀನು, ಅವನು, ನಾವು ಎಂದು ಬೇರೆಬೇರೆ ಬಾಲಗಳಿದ್ದವು. ಕಾಲ ಸರಿದಂತೆ ಅವು ಸವೆದು ಉದುರಿದವು. ಉಳಿದದ್ದು ಅವನು, ಅವಳು, ಅದು ಎಂಬಲ್ಲಿನ ಆ ಒಂದು ಎಸ್. ಬಹುವಚನದ ಎಸ್‌ಗೂ ಇದಕ್ಕೂ ನಂಟಿಲ್ಲ. ಹೆಸರು ಒಂದೇ ಆದ ಇಬ್ಬರು ಬೇರೆ ಮನೆಯವರು.

ಅದೂ ಮೊದಲು ಎಸ್ ಆಗಿರಲಿಲ್ಲ, ದಕ್ಷಿಣ ಇಂಗ್ಲೆಂಡಿನಲ್ಲಿ ಎತ್ ಎನ್ನುತ್ತಿದ್ದರು. ಎಸ್ ಬಂದದ್ದು ಉತ್ತರದವರ ಆಡುಮಾತಿನಿಂದ. 1611ರ ಬೈಬಲ್ ಅನುವಾದ ಹಳೆಯ ಎತ್ ಅನ್ನೇ ಹಿಡಿದುಕೊಂಡಿದೆ. ಷೇಕ್ಸ್‌ಪಿಯರನಲ್ಲಿ ಎರಡೂ ಇವೆ. ಮಕ್ಕಳು ಬಾಯಿಪಾಠ ಮಾಡುವ 'ಕ್ವಾಲಿಟಿ ಆಫ್ ಮರ್ಸಿ' ತೆಗೆಸಿದೆ. ಅವನ ನಾಟಕವೊಂದರ ಪೋರ್ಷಿಯಾ ದಯೆಯ ಬಗ್ಗೆ ಆಡುವ ಆ ಮಾತಿನಲ್ಲಿ ಒಂದೇ ಸಾಲಿನೊಳಗೆ ಎತ್ ಹಚ್ಚಿದ ಒಂದು ಕ್ರಿಯಾಪದ, ಎಸ್ ಹಚ್ಚಿದ ಎರಡು. ಅಷ್ಟು ದಿನ ಒಪ್ಪಿಸಿದ ಪದ್ಯದಲ್ಲಿ ಬೆರಳಿಟ್ಟು ಹುಡುಕಿದಾಗ ತರಗತಿ ಗದ್ದಲವಾಯಿತು.

'ಡಸ್ ಶೀ ಗೋಸ್' ಎಂಬುದು ಇನ್ನೊಂದು ಹಳೆಯ ತೊಡಕು. ನಮ್ಮ ಕಡೆಯ ಮಳೆ ಕಂಡ ಮಕ್ಕಳಿಗೆ ಅದನ್ನು ಹೇಳುವುದು ಕಷ್ಟವಲ್ಲ. ಮನೆಯಲ್ಲಿರುವುದು ಒಂದೇ ಕೊಡೆ. 'ಶೀ ಗೋಸ್' ಅನ್ನುವಾಗ ಕೊಡೆ ಗೋ ಕೈಯಲ್ಲಿದೆ. ಪ್ರಶ್ನೆ ಕೇಳಬೇಕಾದರೂ ಇಲ್ಲ ಅನ್ನಬೇಕಾದರೂ ಡೂ ಹೊರಡುತ್ತದೆ, ಕೊಡೆ ಅದರ ಕೈಗೆ ಹೋಗಿ ಡಸ್ ಆಗುತ್ತದೆ. ಗೋ ಬರಿಗೈಯಲ್ಲಿ ನಿಲ್ಲಬೇಕು. ಡಸ್ ಶೀ ಗೋ?

ರೂಪಕ್ಕಿಂತ ಬಳಕೆ ಕಷ್ಟ. ಡಿಗ್ರಿ ಮುಗಿಸಿ ಕೆಲಸದ ಸಂದರ್ಶನಕ್ಕೆ ಹೋಗಿದ್ದಾಗ 'ಐ ಆಮ್ ನೋಯಿಂಗ್ ಟೈಪಿಂಗ್' ಎಂದಿದ್ದೆ. ಎದುರಿಗೆ ಕೂತವರು ಮುಖ ಮುಖ ನೋಡಿಕೊಂಡು ನಕ್ಕರು. ಆ ನಗು ಬಹಳ ದಿನ ಕಿವಿಯಲ್ಲಿತ್ತು. ಪಾಠ ಹೇಳಲು ಶುರು ಮಾಡಿದ ಮೇಲೆ ಹೊಳೆಯಿತು: ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ನೆನಪಿದೆ. ಹೀಗೆ 'ನನಗೆ' ಎಂದು ಹೊರಡುವ ಮಾತು ಇಂಗ್ಲಿಷಿಗೆ ಹೋದರೆ ಬಹುಪಾಲು ಸಿಂಪಲ್ ಪ್ರೆಸೆಂಟಿನಲ್ಲೇ ಕೂರುತ್ತದೆ. ಐ ನೋ, ಐ ವಾಂಟ್, ಐ ಲೈಕ್, ಐ ರಿಮೆಂಬರ್. ಅಲ್ಲಿ ಇಂಗ್‌ಗೆ ಜಾಗವಿಲ್ಲ. ನಾವು ಮಾಡುವ ಕೆಲಸ ಬೇರೆ, ನಮಗೆ ಆಗುವುದು, ನಮ್ಮಲ್ಲಿರುವುದು ಬೇರೆ ಎಂದು ಕನ್ನಡ ಮೊದಲೇ ಬೇರ್ಪಡಿಸಿ ಇಟ್ಟಿದೆ. ಆ ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಿ ಇಂಗ್ಲಿಷ್ ಕಲಿಸಬೇಕೆನ್ನುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಕನ್ನಡ ದಾರಿ ತಪ್ಪಿಸುವ ಜಾಗವೂ ಇದೆ. ಉದ್ಯೋಗ ವಿಚಾರಿಸುವಾಗ ನಾವು "ಮಗ ಏನ್ ಮಾಡ್ಕೊಂಡಿದ್ದಾನೆ?" ಅನ್ನುತ್ತೇವೆ. ಅದನ್ನೇ ಎತ್ತಿಟ್ಟರೆ 'ವಾಟ್ ಈಸ್ ಯುವರ್ ಸನ್ ಡೂಯಿಂಗ್' ಆಗುತ್ತದೆ. ಈ ಗಳಿಗೆಯಲ್ಲೋ ಈ ದಿನಗಳಲ್ಲೋ ಏನು ಮಾಡುತ್ತಿದ್ದಾನೆ ಎಂದು ಕೇಳಿದಂತೆ. ಖಾಯಂ ಕೆಲಸ ಕೇಳಬೇಕಾದರೆ ಡಸ್ ಬೇಕು.

ಅದನ್ನು ಹೇಳಿಕೊಟ್ಟು, ಅದೇ ಹುಡುಗಿಯನ್ನು ಕೇಳಿದೆ, "ವಾಟ್ ಡಸ್ ಯುವರ್ ಮದರ್ ಡೂ?"

ಅವಳು ತಟ್ಟನೆ ಹೇಳಲಿಲ್ಲ. "ಸಾರ್, ಈಗ ಅಡಿಕೆ ಸುಲಿಯೋಕೆ ಹೋಗ್ತಾಳೆ. ಕೊಯ್ಲು ಮುಗಿದ್ರೆ ಅದಿಲ್ಲ. ಮಳೆಗಾಲಕ್ಕೆ ಗದ್ದೆ ನಟ್ಟಿ. ಬೇಸಿಗೇಲಿ ದರಗು ಗುಡಿಸೋದು, ಕಟ್ಟಿಗೆ. ಯಾವುದಕ್ಕೆ ಎಸ್ ಹಚ್ಚಲಿ?"

ಅಡಿಕೆ ಸುಲಿಯುವುದು ಈ ಎರಡು ತಿಂಗಳ ಮಾತು, ಅದಕ್ಕೆ ಇಂಗ್ ಸರಿ ಎಂದೆ. ನಟ್ಟಿಗೂ ಹಾಗೇ, ಅದರ ಕಾಲ ಬಂದಾಗ. ಹಾಗಾದರೆ ವರ್ಷವಿಡೀ ನಿಲ್ಲುವ ಕ್ರಿಯಾಪದ ಯಾವುದು? ನನಗೂ ತಕ್ಷಣ ತೋಚಲಿಲ್ಲ. ಅವಳು ಕೈಯಲ್ಲಿದ್ದ ಪೆನ್ನಿನ ಕ್ಯಾಪು ತೆಗೆದು ಹಾಕಿ, ತೆಗೆದು ಹಾಕಿ ಯೋಚಿಸಿದಳು. ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದಳು.

'ಶೀ ವರ್ಕ್ಸ್.'

ಎಸ್ ಅನ್ನು ಮಾತ್ರ ಎರಡು ಸಲ ತಿದ್ದಿ ದಪ್ಪ ಮಾಡಿದ್ದಳು.