ಅಮೇಲಿಯ ಎದೆಬಡಿತ

ತಿಂಗಳಿಗೊಮ್ಮೆ ಅಪ್ಪ ಸ್ಟೆತಾಸ್ಕೋಪ್ ಹಿಡಿದು ಮಗಳ ಎದೆಬಡಿತ ಕೇಳುತ್ತಾನೆ. ಹಿಂದೆ ಸೈನ್ಯದಲ್ಲಿ ವೈದ್ಯನಾಗಿದ್ದವನು. ಮಗಳನ್ನು ಎತ್ತಿ ಮುದ್ದಾಡುವ ಅಭ್ಯಾಸವಿಲ್ಲ. ಅಪ್ಪನ ಕೈ ಮೈಗೆ ತಾಗುವುದು ಆ ಒಂದು ದಿನ ಮಾತ್ರ. ಆ ಸಂಭ್ರಮಕ್ಕೇ ಮಗುವಿನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಅಪ್ಪನ ತೀರ್ಮಾನ: ಮಗುವಿಗೆ ಹೃದಯದ ಕಾಯಿಲೆ! ಶಾಲೆ ತಪ್ಪಿತು. ಶಿಕ್ಷಕಿಯಾದ ತಾಯಿ ಮನೆಯಲ್ಲೇ ಪಾಠ ಹೇಳಿದಳು. ಓರಗೆಯವರಿಲ್ಲದ ಹುಡುಗಿ ಕನಸುಗಳ ಗೆಳೆತನ ಬೆಳೆಸಿಕೊಂಡಳು.

ಝಾಂ-ಪಿಯೆರ್ ಜ್ಯೂನೆ ನಿರ್ದೇಶನದ, 2001ರಲ್ಲಿ ತೆರೆಕಂಡ ಫ್ರೆಂಚ್ ಚಿತ್ರ ‘ಅಮೇಲಿ’ ಆರಂಭವಾಗುವುದು ಹೀಗೆ. ನಗಿಸುತ್ತಲೇ ಸಾಗುವ ಈ ಪ್ರೇಮಕಥೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗೂ ಒಂದು ಪಾಠವಿದೆ.

ಅಪ್ಪನ ಎಣಿಕೆ ತಪ್ಪಿರಲಿಲ್ಲ; ತಪ್ಪಿದ್ದು ತೀರ್ಮಾನ. ಮನಸ್ಸು ಉದ್ವೇಗಗೊಂಡಾಗ ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ, ಹೃದಯ ವೇಗವಾಗಿ ಮಿಡಿಯುತ್ತದೆ. ಅದು ರೋಗವಲ್ಲ, ಆರೋಗ್ಯ. ವೈದ್ಯರನ್ನು ಕಂಡೊಡನೆ ಕೆಲವರ ರಕ್ತದೊತ್ತಡ ಏರುವುದುಂಟು; ಅದಕ್ಕೇ ಮನೆಯಲ್ಲಿ ಇನ್ನೊಮ್ಮೆ ಅಳೆದು ನೋಡಲು ಹೇಳುತ್ತಾರೆ. ಅಮೇಲಿ ನಿದ್ರಿಸುವಾಗ ಒಮ್ಮೆ ನಾಡಿ ಹಿಡಿದಿದ್ದರೂ ಸಾಕಿತ್ತು. ಇಲ್ಲವೇ, ಪರೀಕ್ಷೆ ಇಲ್ಲದ ದಿನವೂ ಮಗಳನ್ನು ಅಪ್ಪಿಕೊಂಡಿದ್ದರೆ ಸಾಕಿತ್ತು. ಅಂಕಪಟ್ಟಿ ಬಂದ ದಿನ ಮಾತ್ರ ಮಗುವನ್ನು ಹತ್ತಿರ ಕರೆದು, ಅದರ ತಡವರಿಕೆಯನ್ನೇ ದಡ್ಡತನವೆಂದು ಬಗೆಯುವ ಮನೆಗಳಲ್ಲೂ ಆಗುವುದು ಇಂಥದೇ ತಪ್ಪು.

ಅಮೇಲಿ ಬೆಳೆದು ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದ ಕೆಫೆಯೊಂದರಲ್ಲಿ ಕೆಲಸಕ್ಕೆ ಸೇರುತ್ತಾಳೆ. 1997ರ ಆಗಸ್ಟ್ ಕೊನೆಯಲ್ಲಿ ಅವಳ ಬಚ್ಚಲುಮನೆಯ ಗೋಡೆಯೊಳಗೆ, ಯಾವನೋ ಹುಡುಗ ಹಿಂದೆಂದೋ ಬಚ್ಚಿಟ್ಟ ಆಟಿಕೆಗಳ ತಗಡಿನ ಪೆಟ್ಟಿಗೆ ಸಿಗುತ್ತದೆ. ಈಗ ಮಧ್ಯವಯಸ್ಕನಾದ ಆತನಿಗೆ ಗುಟ್ಟಾಗಿ ಅದನ್ನು ತಲುಪಿಸುತ್ತಾಳೆ. ಅವನ ಕಣ್ಣೀರು ಕಂಡಮೇಲೆ ಪರರ ಬಾಳಿಗೆ ಮರೆಯಿಂದ ನೆರವಾಗುವುದೇ ಅವಳ ಕಾಯಕವಾಗುತ್ತದೆ. ಆದರೆ ತಾನು ಮೆಚ್ಚಿದ ನಿನೊ ಕೆಫೆಗೆ ಬಂದು, ಕೈಯಲ್ಲಿದ್ದ ಚಿತ್ರ ತೋರಿಸಿ, ಇದು ನೀನೇನಾ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾಳೆ. ಇಲ್ಲದ ಕಾಯಿಲೆ ವಾಸಿಯಾಗಿಲ್ಲ!

ಅದನ್ನು ವಾಸಿಮಾಡುವವನು ನೆರೆಮನೆಯ ಮುದುಕ, ಚಿತ್ರಕಾರ ದುಫಾಯೆಲ್. ಅವನಿಗೆ ಇರುವುದು ನಿಜವಾದ ಕಾಯಿಲೆ; ತುಸು ತಾಗಿದರೂ ಮುರಿಯುವ ಮೂಳೆ. ಇಪ್ಪತ್ತು ವರ್ಷಗಳಿಂದ ಮನೆಯೊಳಗೇ ಇದ್ದು, ರೆನ್ವಾರ್‌ನ ಒಂದೇ ಚಿತ್ರವನ್ನು ವರ್ಷಕ್ಕೊಮ್ಮೆ ನಕಲು ಮಾಡುತ್ತಿದ್ದಾನೆ. ನಿನ್ನ ಮೂಳೆ ಗಾಜಿನದಲ್ಲ, ಬದುಕಿನ ಪೆಟ್ಟು ತಾಳಬಲ್ಲೆ ಎಂದು ಅವನು ಹೇಳಿದ ಮೇಲೆ ಅಮೇಲಿ ಬಾಗಿಲು ತೆರೆಯುತ್ತಾಳೆ. ಹೊರಗೆ ನಿನೊ ನಿಂತಿದ್ದಾನೆ.

ಅಪ್ಪನ ಮೇಲೆ ಅವಳಿಗೆ ಹಗೆಯಿಲ್ಲ. ಹೆಂಡತಿ ತೀರಿಕೊಂಡಮೇಲೆ ಮನೆಬಿಟ್ಟು ಕದಲದ ಅವನ ತೋಟದಿಂದ ಕುಳ್ಳ ಮುದುಕನ ಬೊಂಬೆಯನ್ನು ಕದ್ದು, ಗಗನಸಖಿಯೊಬ್ಬಳ ಕೈಲಿ ದೇಶವಿದೇಶ ಸುತ್ತಿಸುತ್ತಾಳೆ. ಊರೂರಿನಿಂದ ಬೊಂಬೆಯ ಫೋಟೋ ಮನೆಗೆ ಬರುತ್ತದೆ. ಕೊನೆಗೊಂದು ದಿನ ಅಪ್ಪನೂ ಸೂಟ್‌ಕೇಸ್ ಹಿಡಿದು ಮನೆಯಿಂದ ಹೊರಬೀಳುತ್ತಾನೆ.