ನಡೆಯುತ್ತ ಹಾಡಿದ ಅಕ್ಕ

ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಅಕ್ಕಮಹಾದೇವಿ ಕಲ್ಯಾಣದ ಶರಣರನ್ನು ಕಂಡು, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದಳು. ಗಿಳಿ, ಕೋಗಿಲೆ, ನವಿಲುಗಳನ್ನೂ ಕರೆದು ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳುವ ಮೊರೆ ಆಕೆಯ ವಚನದಲ್ಲಿದೆ. ಎದೆಯಲ್ಲೇ ಉಳಿದಿದ್ದರೆ ಸುಡುತ್ತಿದ್ದ ವಿರಹ ವಚನವಾಗಿ ಬೆಳಕಾಯಿತು.

ಇಂದಿಗೂ ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ನಲ್ಲಮಲ ಬೆಟ್ಟದ ಏರಿನಲ್ಲಿ ಬೊಬ್ಬೆಯೆದ್ದ ಪಾದಗಳು ಸೋತಾಗ ಒಬ್ಬರು ಪದವೆತ್ತುತ್ತಾರೆ, ಉಳಿದವರು ದನಿಗೂಡಿಸುತ್ತಾರೆ; ಹೆಜ್ಜೆಗೆ ತಾಳ ದೊರೆಯುತ್ತದೆ. ಮನೆಯೊಳಗೆ ಯಾರಲ್ಲೂ ಆಡಲಾಗದ ಅಳಲು ಅಲ್ಲಿ ಹಾಡಾಗುತ್ತದೆ. ದುಃಖ ಉಳಿದರೂ ಅದನ್ನು ಹೊರುವ ಹೆಗಲುಗಳು ಹೆಚ್ಚುತ್ತವೆ.

ಶ್ರೀಶೈಲಕ್ಕೆ ಹೋಗಲಾಗದವರು ಮುಂಜಾನೆ ಊರ ಹೊರಗಿನ ದಾರಿಯಲ್ಲಿ ವಚನವೊಂದನ್ನು ಹಾಡುತ್ತ ನಡೆಯಲಿ. ಕಾಯಕ್ಕೆ ನಡಿಗೆ, ಮನಕ್ಕೆ ಹಾಡು. ಎರಡೂ ಕೂಡಿದಲ್ಲಿ ಪ್ರಾಣಲಿಂಗಕ್ಕೆ ಪೂಜೆ.