ಅಮ್ಮನ ಫೋನಿನಲ್ಲಿ ನನ್ನ ಮಾವ

ಅಮ್ಮನ ಫೋನಿನಲ್ಲಿ ಅವಳ ತಮ್ಮನ ಹೆಸರು ‘ಮಾವ’ ಎಂದಿತ್ತು. ಅಪ್ಪನ ತಂಗಿ ‘ಅತ್ತೆ’. ಅಮ್ಮನ ಚಿಕ್ಕಮ್ಮ ‘ಸಣ್ಣಜ್ಜಿ’. ಆ ಫೋನು ನಾಲ್ಕು ವರ್ಷ ಅವಳ ಜೊತೆ ಅಡುಗೆಮನೆ, ಕೊಟ್ಟಿಗೆ, ಜಗಲಿ ಎಲ್ಲ ಓಡಾಡಿತು. ಅದರಲ್ಲಿ ಆ ಹೆಸರುಗಳನ್ನು ಬರೆದವನು ನಾನು. ಅವು ಯಾರ ಬಾಯಿಯ ಮಾತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ದೀಪಾವಳಿಗೆ ಊರಿಗೆ ಹೋಗಿದ್ದಾಗ ಅದು ರಿಂಗಾಯಿತು. ಪರದೆಯ ಮೇಲೆ ‘ಅತ್ತೆ’. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳು, “ಪ್ರತಿ ಸಲ ಎದೆ ಝಲ್ ಅಂತದೆ ಮಾರಾಯ, ನಮ್ಮತ್ತೆಯೇ ಕರೆದ ಹಾಗೆ” ಎಂದಳು. ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಈಗ ಕರೆಯುತ್ತಿದ್ದವಳು ಅಮ್ಮನಿಗೆ ನಾದಿನಿ. “ಮೊದಲೇ ಹೇಳಬಾರದಿತ್ತಾ?” ಎಂದೆ. “ನೀನು ಹಾಕಿಕೊಟ್ಟದ್ದಲ್ಲವಾ, ಫೋನು ಅಂದ್ರೆ ಹಾಗೇ ಇರ್ತದೇನೋ ಅಂದುಕೊಂಡೆ” ಎಂದಳು.

ಆ ಮಾತು ವಾಪಸ್ ಬರುವಾಗ ಬಸ್ಸಿನಲ್ಲಿ ರಾತ್ರಿಯಿಡೀ ಕಾಡಿತು. ಆ ಫೋನನ್ನು ಅವಳಿಗೆ ಕೊಟ್ಟ ದಿನ ನೆನಪಿದೆ. ಭಾನುವಾರ ಮಧ್ಯಾಹ್ನ, ನಾಲ್ಕು ಗಂಟೆಗೆ ನನಗೆ ಬಸ್ಸು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸಿದ್ದೆ: ಭಾಷೆ ಇಂಗ್ಲಿಷ್, ಖಾತೆ ನನ್ನದು, ಪಾಸ್‌ವರ್ಡ್ ನನ್ನದು, ಬೀಗ ತೆರೆಯುವ ನಾಲ್ಕು ಅಂಕಿ ನನ್ನ ಹುಟ್ಟಿದ ದಿನ. ಅವಳ ತೋಟದ ಹೂವಿನ ಫೋಟೊಗಳ ಜೊತೆ ನನ್ನ ಕಚೇರಿಯ ಫೋಟೊಗಳೂ ಬಂದು ಕೂರುತ್ತಿದ್ದವು. ಒಮ್ಮೆ ಬೆಂಗಳೂರಿನಲ್ಲಿ ನಾನು ಪಾಸ್‌ವರ್ಡ್ ಬದಲಿಸಿದೆ. ಅಲ್ಲಿ ಅವಳ ಫೋನು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಅದನ್ನೇ ಕೇಳತೊಡಗಿತು. ತನ್ನ ಕೈಯಿಂದಲೇ ಏನೋ ಕೆಟ್ಟುಹೋಯಿತೆಂದು ಹೆದರಿ, ಫೋನನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು, ಎರಡು ತಿಂಗಳು ಹಳೆಯ ಬಟನ್ ಫೋನಿನಲ್ಲೇ ಮಾತಾಡಿದಳು. ನನಗೆ ಒಂದು ಮಾತು ಹೇಳಲಿಲ್ಲ.

ಅವಳ ಫೋನಿನಲ್ಲಿ ಅವಳೇ ಅತಿಥಿಯಾಗಿದ್ದಳು. ಅದನ್ನು ಸರಿಮಾಡಲೇಬೇಕು ಅನ್ನಿಸಿತು.

ಸಂಕ್ರಾಂತಿಗೆ ಹೊಸ ಆಂಡ್ರಾಯ್ಡ್ ಫೋನು ತೆಗೆದುಕೊಂಡು ಹೋದೆ. ನಾಲ್ಕು ದಿನ ರಜೆ ಹಾಕಿದ್ದೆ. ಡಬ್ಬಿ ಒಡೆಯದೆ ಹಾಗೇ ಅವಳ ಮುಂದಿಟ್ಟು, “ನೀನೇ ಮಾಡು, ನಾನು ಪಕ್ಕದಲ್ಲಿ ಕೂತಿರ್ತೇನೆ, ಕೈ ಹಾಕೋದಿಲ್ಲ” ಎಂದೆ. ಅಡಿಕೆ ಸುಲಿಯುವ ಕಾಲ. ಜಗಲಿಯ ತುಂಬ ಅಡಿಕೆ ರಾಶಿ, ಮೆಟ್ಟುಗತ್ತಿಯ ಮುಂದೆ ಕೂತಿದ್ದ ಅಮ್ಮ ಏಳಲಿಲ್ಲ. ಕತ್ತಿಯನ್ನು ಪಕ್ಕಕ್ಕೆ ಸರಿಸಿ ಅಲ್ಲೇ ಡಬ್ಬಿ ತೆರೆದಳು. ಸಿಮ್ ಹಾಕುವ ತಟ್ಟೆ ಹೊರಗೆ ಬರಲು ಸಣ್ಣ ತೂತಿನಲ್ಲಿ ಒತ್ತಬೇಕು ಎಂದೆ. ಡಬ್ಬಿಯಲ್ಲಿದ್ದ ಪಿನ್ನು ಹುಡುಕುವಷ್ಟರಲ್ಲಿ ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಒತ್ತಿಯಾಗಿತ್ತು. ಉಗುರಿಗಿಂತ ಸ್ವಲ್ಪ ದೊಡ್ಡ ಆ ಸಿಮ್ಮನ್ನು ಬೆರಳ ತುದಿಯಲ್ಲಿಟ್ಟುಕೊಂಡು ಓರೆಗತ್ತರಿಸಿದ ಮೂಲೆ ಯಾವ ಕಡೆ ಎಂದು ನೋಡಿದಳು. ಅದೊಂದು ಮೂಲೆ ಹೊಂದಿದರೆ ಉಳಿದದ್ದು ತಾನೇ ಹೊಂದುತ್ತದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

ಮೊದಲ ಪುಟವೇ ಭಾಷೆಯದು. ಪಟ್ಟಿಯಲ್ಲಿ ಪ್ರತಿ ಭಾಷೆಯೂ ತನ್ನದೇ ಲಿಪಿಯಲ್ಲಿ ಇರುತ್ತದೆ. ಅಮ್ಮ ಪಟ್ಟಿಯನ್ನು ಮೇಲಕ್ಕೆ ತಳ್ಳುತ್ತ ಹೋದಳು, ತನಗೆ ಗೊತ್ತಿಲ್ಲದ ಎಷ್ಟೋ ಲಿಪಿಗಳು ಹಾದುಹೋದವು. “ಅಗೋ” ಎಂದಳು. ಮುಟ್ಟಿದಳು. ಇಡೀ ಪರದೆ ಕನ್ನಡವಾಯಿತು.

ನನಗೆ ಇದು ಸಣ್ಣ ಸಂಗತಿಯಲ್ಲ. ಆಂಡ್ರಾಯ್ಡ್ ಫೋನು ಮೊದಲು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ನಾನು ಮೊದಲು ಕೊಂಡದ್ದು 2.3 ಆವೃತ್ತಿಯ ಫೋನು. ಅದರಲ್ಲಿ ಕನ್ನಡದ ಪತ್ರಿಕೆ ತೆರೆದರೆ ಅಕ್ಷರಗಳಿರಲಿಲ್ಲ, ಸಾಲು ಸಾಲು ಖಾಲಿ ಚೌಕಗಳು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಮನೆಗಳನ್ನು ಬಿಟ್ಟುಕೊಟ್ಟಿತ್ತು. ಆದರೆ ಮನೆ ಇದ್ದಮಾತ್ರಕ್ಕೆ ಸಾಲದು, ಒತ್ತಕ್ಷರ ಕಟ್ಟುವ ವಿದ್ಯೆಯೂ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಒಳಗೆ ಆರು ಸಂಕೇತಗಳ ಸಾಲು: ಸ, ವಿರಾಮ, ತ, ವಿರಾಮ, ರ, ಕೊನೆಗೆ ದೀರ್ಘದ ಗುಣಿತ. ಆ ಆರನ್ನೂ ಕೂಡಿಸಿ, ತ-ವನ್ನು ಕೆಳಗಿಳಿಸಿ, ರ-ವನ್ನು ಅದರ ಬುಡಕ್ಕೆ ತಂದು, ದೀರ್ಘವನ್ನು ಬಲಕ್ಕೆ ಚಾಚಿ ಬರೆಯಬೇಕು. ಫೋನಿಗೆ ಅದು ಬರುವವರೆಗೂ ಕಾದವರು ನಾವು. ಅಮ್ಮನಿಗೆ ಈ ಕತೆಯೆಲ್ಲ ಹೇಳಲಿಲ್ಲ. ಅವಳಿಗೆ ಕನ್ನಡ ಮುಟ್ಟಿದ ಕೂಡಲೇ ಬಂತು, ಅಷ್ಟೇ. ಹಾಗೇ ಬರಬೇಕಾದದ್ದು.

ಖಾತೆ ಅವಳ ಹೆಸರಿನಲ್ಲೇ ತೆರೆದೆವು. ಅದಕ್ಕೆ ಅವಳ ನಂಬರಿಗೆ ಒಟಿಪಿ ಬರಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಬಾವಿಕಟ್ಟೆಯ ಹತ್ತಿರ, ಅದೂ ತೆಂಕು ಮುಖ ಮಾಡಿ ನಿಂತರೆ. ತಾಯಿ ಮಗ ಇಬ್ಬರೂ ಬಿಸಿಲಲ್ಲಿ ಆರು ಅಂಕಿಗಳಿಗಾಗಿ ಕಾದೆವು. ಬಂದಾಗ ಅವಳು ಅವನ್ನು ಗಟ್ಟಿಯಾಗಿ ಓದಹೊರಟಳು. ತಡೆದೆ. “ಈ ಅಂಕಿಯನ್ನು ಯಾರು ಕೇಳಿದರೂ ಹೇಳಬಾರದು, ಬ್ಯಾಂಕಿನಿಂದ ಅಂದರೂ, ಪೊಲೀಸ್ ಅಂದರೂ” ಎಂದೆ. “ನೀನು ಕೇಳಿದ್ರೆ?” ಎಂದಳು. “ನಾನು ಕೇಳಿದರೂ” ಎಂದೆ. ಅವಳು ನನ್ನ ಮುಖ ನೋಡಿ, ಸರಿ ಅನ್ನುವಂತೆ ತಲೆಯಾಡಿಸಿದಳು. ಪಾಸ್‌ವರ್ಡನ್ನು ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ಬರೆದಿಡಬಾರದು ಎಂದು ಎಲ್ಲ ಕಡೆ ಹೇಳುತ್ತಾರೆ. ಆದರೆ ಆ ಪುಸ್ತಕ ಇರುವುದು ಬೀಗದ ಪೆಟ್ಟಿಗೆಯಲ್ಲಿ, ಬೀಗದ ಕೈ ಅವಳ ಸೊಂಟದಲ್ಲಿ. ಮರೆತು ಮಗನನ್ನು ಕೇಳುವುದಕ್ಕಿಂತ ಇದು ಎಷ್ಟೋ ವಾಸಿ ಎಂಬುದು ನನ್ನ ಅಭಿಪ್ರಾಯ.

ಬೆರಳಚ್ಚಿನ ಹೊತ್ತಿಗೆ ತೊಡಕು ಬಂತು. ಫೋನು ಬೆರಳಿಡಿ ಎಂದಿತು, ಇಟ್ಟಳು. ಮತ್ತೊಮ್ಮೆ ಎಂದಿತು, ಇಟ್ಟಳು. ಒರೆಸಿ ಇಡಿ ಎಂದಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಯಾವುದೂ ಆಗಲಿಲ್ಲ. ಆಗ ನಾನು ಅವಳ ಕೈಯನ್ನು ಬೆಳಕಿಗೆ ಹಿಡಿದು ನೋಡಿದೆ. ಎಷ್ಟು ವರ್ಷವಾಗಿತ್ತೋ ಹಾಗೆ ನೋಡಿ. ಅಡಿಕೆಯ ಕಲೆ ಕಪ್ಪಾಗಿ ಬಿರುಕುಗಳಲ್ಲಿ ಇಳಿದಿತ್ತು. ಬೆರಳ ತುದಿಗಳಲ್ಲಿ ಇರಬೇಕಾದ ಗೆರೆಗಳು, ಆ ಏರು ತಗ್ಗು, ಸವೆದು ನುಣ್ಣಗಾಗಿದ್ದವು. ಬೆರಳಚ್ಚು ಓದುವ ಯಂತ್ರಕ್ಕೆ ಬೇಕಾದದ್ದು ಆ ಏರು ತಗ್ಗೇ. ಪಡಿತರ ತರಲು ಹೋದಾಗಲೂ ಯಂತ್ರ ತನ್ನ ಹೆಬ್ಬೆಟ್ಟು ಒಪ್ಪದೆ ಎರಡು ಸಲ ವಾಪಸ್ ಬಂದದ್ದನ್ನು ಅವಳು ಆಗ ಹೇಳಿದಳು. ಐವತ್ತು ಸುಗ್ಗಿ ದುಡಿದ ಕೈಯನ್ನು ಇದು ಯಾರ ಕೈಯೋ ಗೊತ್ತಾಗುತ್ತಿಲ್ಲ ಎಂದು ಹಿಂದಕ್ಕೆ ಕಳಿಸಿದ್ದಾರೆ ಎಂದು ನನಗೆ ಸಂಕಟವಾಯಿತು. ಅವಳು ಸಂಕಟಪಡಲಿಲ್ಲ. ಎಡಗೈಯ ಕಿರುಬೆರಳು ಇಟ್ಟು ನೋಡಿದಳು. ಫೋನು ಅದನ್ನು ಒಪ್ಪಿತು. “ಇದಕ್ಕೆ ಕೆಲಸ ಕಮ್ಮಿ” ಎಂದಳು.

ಕಿರುಬೆರಳು ಒಂದೇ ಸಾಲದು, ಒದ್ದೆಯಾದರೆ ಯಂತ್ರ ಗುರುತಿಸುವುದಿಲ್ಲ. ಅದಕ್ಕಾಗಿ ಬೀಗಕ್ಕೆ ಇನ್ನೊಂದು ದಾರಿ ಇಡಲೇಬೇಕು. ನಾಲ್ಕು ಅಂಕಿ ಇಡಬಹುದು, ಇಲ್ಲವೆ ಚುಕ್ಕಿ ಕೂಡಿಸಬಹುದು ಎಂದೆ. ಚುಕ್ಕಿ ಅಂದ ಕೂಡಲೇ ಅವಳು ಹತ್ತಿರ ಸರಿದಳು. ಮೂರರ ಮೂರು ಸಾಲು, ಒಂಬತ್ತು ಚುಕ್ಕಿ. ಬೆಳಗ್ಗೆದ್ದು ಅಂಗಳದಲ್ಲಿ ಹಾಕುವ ಹದಿನೈದು ಚುಕ್ಕಿಯ ಮುಂದೆ ಅದೇನು ದೊಡ್ಡದು! ಎಳೆ ಎಳೆದಳು, ಸುತ್ತಿ ಬಂದು ಮೊದಲ ಚುಕ್ಕಿಗೇ ಕೂಡಿಸಲು ಹೋದಳು. ಕೂಡಲಿಲ್ಲ. ಇಲ್ಲಿ ಒಮ್ಮೆ ಮುಟ್ಟಿದ ಚುಕ್ಕಿಯನ್ನು ಮತ್ತೆ ಮುಟ್ಟುವಂತಿಲ್ಲ. “ಬಂದ ಎಳೆ ಕೂಡದಿದ್ರೆ ಅದೆಂಥ ರಂಗೋಲಿ?” ಎಂದು ಬೇಸರಪಟ್ಟಳು. ಸ್ವಲ್ಪ ಹೊತ್ತು ಬೆರಳಿನಿಂದ ನೆಲದ ಮೇಲೆ ಬರೆದು ನೋಡಿ, ಕೂಡದೇ ಇದ್ದರೂ ನೋಡಲು ಚೆಂದವಾಗಿರುವ ಒಂದು ಎಳೆ ಹುಡುಕಿದಳು. ಕಡಿಮೆಯೆಂದರೆ ನಾಲ್ಕು ಚುಕ್ಕಿ ಸೇರಿಸಬೇಕೆಂಬ ಈ ಬೀಗದಲ್ಲಿ ಒಟ್ಟು 3,89,112 ಎಳೆಗಳು ಸಾಧ್ಯ. ನಾಲ್ಕು ಅಂಕಿಯ ಬೀಗದಲ್ಲಿ 10,000 ಮಾತ್ರ. ಪರದೆಯ ಮೇಲೆ ಬೆರಳಿನ ಗುರುತು ಉಳಿಯುವುದೊಂದು ಅಪಾಯ, ಆಗಾಗ ಒರೆಸಿಕೋ ಎಂದೆ.

ಉಳಿದದ್ದು ಬೇಗ ಆಯಿತು. ಅಕ್ಷರ ದೊಡ್ಡದು ಮಾಡಿಕೊಂಡಳು. ದುಡ್ಡು ಕಳಿಸುವ ಆಪ್ ಸದ್ಯಕ್ಕೆ ಬೇಡ ಎಂದಳು, ಬೇಡ ಎಂದೆ. ಆದರೆ ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಒತ್ತು ಎಂದವನು ಕಳ್ಳ ಎಂಬುದನ್ನೂ, ಮೋಸವಾದರೆ ಕೂಡಲೇ 1930ಕ್ಕೆ ಕರೆಮಾಡಬೇಕೆಂಬುದನ್ನೂ ಅದೇ ಪುಸ್ತಕದಲ್ಲಿ ಬರೆಸಿದೆ. ಪಂಚಾಂಗದ ಒಂದು ಆಪ್ ಹಾಕಿಕೊಂಡಳು. ಅದು ಸಂಪರ್ಕಗಳನ್ನು ನೋಡಲು ಅನುಮತಿ ಕೇಳಿತು. “ತಿಥಿ ಹೇಳೋದಕ್ಕೆ ನಮ್ಮ ನೆಂಟರ ನಂಬರ್ ಯಾಕೆ?” ಎಂದು ಅವಳೇ ಬೇಡ ಒತ್ತಿದಳು. 2015ರ ಆರನೇ ಆವೃತ್ತಿಯಿಂದ ಈಚೆಗೆ ಆಂಡ್ರಾಯ್ಡ್ ಹೀಗೆ ಒಂದೊಂದನ್ನೂ ಬೇಕಾದಾಗ ಕೇಳುತ್ತದೆ. ಅದಕ್ಕೂ ಮೊದಲು ಆಪ್ ಹಾಕಿಕೊಳ್ಳುವಾಗಲೇ ಎಲ್ಲಕ್ಕೂ ಒಟ್ಟಿಗೆ ಹೂಂ ಅನ್ನಬೇಕಿತ್ತು. ಈ ಪ್ರಶ್ನೆ ಅರ್ಥವಾಗುವ ಭಾಷೆಯಲ್ಲಿ ಬಂದರೆ ಅಮ್ಮಂದಿರು ನಮಗಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ. ನಾವು ಓದದೆ ಒತ್ತುತ್ತೇವೆ, ಅವರು ಓದಿ ಒತ್ತುತ್ತಾರೆ.

ಹೆಸರುಗಳನ್ನು ಕೊನೆಗೆ ಉಳಿಸಿಕೊಂಡಿದ್ದೆ. ಹಳೆಯ ಫೋನಿನಿಂದ ಒಂದೇ ಸಲಕ್ಕೆ ತರಬಹುದಿತ್ತು, ತರಲಿಲ್ಲ. ಅವಳೇ ಹೇಳಬೇಕು, ಅವಳೇ ಬರೆಯಬೇಕು. ಕೀಲಿಮಣೆಯಲ್ಲಿ ಮೈಕಿನ ಚಿತ್ರ ತೋರಿಸಿದೆ. 2017ರಿಂದ ಗೂಗಲ್‌ಗೆ ಕನ್ನಡದಲ್ಲಿ ಹೇಳಿದರೆ ಬರೆದುಕೊಳ್ಳುತ್ತದೆ. ಅವಳು ಮೊದಲ ಸಲ ಗದ್ದೆಯಾಚೆ ಇರುವವರನ್ನು ಕರೆಯುವ ಗಟ್ಟಿ ದನಿಯಲ್ಲಿ ಹೇಳಿದಳು: “ತಮ್ಮ.” ಪರದೆಯ ಮೇಲೆ ‘ತಮ್ಮ’ ಎಂದು ಮೂಡಿತು. ನನ್ನ ಮಾವ ಕೊನೆಗೂ ಅವಳ ತಮ್ಮನಾದ. ಆಮೇಲೆ ಒಬ್ಬೊಬ್ಬರೇ ಬಂದರು. ನಾದಿನಿ. ಚಿಕ್ಕಮ್ಮ. ಹಾಲಿನ ಡೈರಿ. ಮೇಲಿನಮನೆ ಅಕ್ಕ. ಗೊಬ್ಬರದ ಗಾಡಿ. ಮೊಣಕಾಲು ಡಾಕ್ಟರು. ಒಟ್ಟು ನಲವತ್ತಮೂರು ಹೆಸರು, ಸಂಜೆಯವರೆಗೂ ಹಿಡಿಯಿತು. ಸುಲಿಯದ ಅಡಿಕೆ ರಾಶಿ ಹಾಗೇ ಉಳಿಯಿತು.

ಯುಗಾದಿಗೆ ಮತ್ತೆ ಹೋದೆ. ಸಂಜೆ ಗುಡುಗಿ ಮಳೆ ಬಂದು ಕರೆಂಟು ಹೋಯಿತು. ಲೈನ್‌ಮನ್ ನಂಬರ್ ಹುಡುಕೋಣವೆಂದು ಜಗಲಿಯಲ್ಲಿದ್ದ ಅವಳ ಫೋನು ಕೈಗೆತ್ತಿಕೊಂಡೆ. ಒಂಬತ್ತು ಚುಕ್ಕಿ ಬೆಳಗಿದವು. ಸಂಕ್ರಾಂತಿಯ ದಿನ ನೋಡಿದ್ದ ಎಳೆ ಎಳೆದೆ. ಫೋನು ನಡುಗಿ, ತಪ್ಪು ಎಂದಿತು. ಇನ್ನೊಮ್ಮೆ ಎಳೆದೆ. ತಪ್ಪು.

ಕತ್ತಲಲ್ಲಿ ಅಮ್ಮ ಕೈ ಚಾಚಿದಳು. ಫೋನು ಕೊಟ್ಟೆ. ಅವಳು ಸ್ವಲ್ಪ ಆ ಕಡೆ ತಿರುಗಿ, ಎಳೆ ಎಳೆದು, ಕರೆಂಟಿನ ಹುಡುಗನಿಗೆ ತಾನೇ ಫೋನು ಮಾಡಿದಳು.